ಹೋಗಿ ನೋಡಿ ಹೇಳುವ ಸುಹರಾ

"ಇದನ್ನು ಹೋಗಿ ನೋಡಿದ್ದು ಯಾರು?"

ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಸುಹರಾ ಒಬ್ಬರೇ ಇದ್ದಾರೆ. ಮುಂಜಾನೆಯ ಸುಬಹಿ ನಮಾಜು ಮುಗಿಸಿ, ಹೊದ್ದ ಬಿಳಿ ಬಟ್ಟೆಯನ್ನು ಮಡಚಿಟ್ಟು, ಹಿಂದಿನ ದಿನ ನೆನೆಸಿಟ್ಟ ಬೀಡಿ ಎಲೆಯ ಗೋಣಿಯನ್ನು ಬಿಡಿಸಿಕೊಂಡು ಕೂತಿದ್ದಾರೆ. ಬೆಳ್ಳಾರೆ ಪೇಟೆಯಿಂದ ತುಸು ಒಳಗಿನ ಈ ಮನೆಗೆ ಬೆಳಕು ಇನ್ನೂ ಪೂರ್ತಿ ತಲುಪಿಲ್ಲ. ಮೊಣಕಾಲಿನ ಪಕ್ಕ ಒರಗಿಸಿಟ್ಟ ಮೊಬೈಲಿನಲ್ಲಿ ಪುತ್ತೂರಿನ ಸುದ್ದಿ ಚಾನೆಲೊಂದರ ವೀಡಿಯೊ ಓಡುತ್ತಿದೆ. ಹಾರ ಹಾಕಿಕೊಂಡವರು ನಳ್ಳಿ ತಿರುಗಿಸುತ್ತಾರೆ, ನೀರು ಚಿಮ್ಮುತ್ತದೆ, ಚಪ್ಪಾಳೆ. ಬರೆಮೇಲು ಕಾಲೊನಿಯ ಜನರ ಬಹುಕಾಲದ ಕನಸು ನನಸಾಯಿತು, ಇನ್ನು ಮನೆ ಮನೆಗೂ ನೀರು ಎಂದು ಚಾನೆಲಿನ ಹುಡುಗಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾಳೆ.

ಸುಹರಾ ಕತ್ತರಿ ಕೆಳಗಿಡುತ್ತಾರೆ. ಮೊಬೈಲನ್ನು ಮಗುಚಿ ಹಾಕಿ, ಚಿತ್ರ ಕಾಣದ ಹಾಗೆ ಮಾಡಿ, ಅದೇ ವೀಡಿಯೊವನ್ನು ಮತ್ತೊಮ್ಮೆ ಕೇಳುತ್ತಾರೆ. ನೀರು ಬೀಳುವ ಸದ್ದಿನ ಹಿಂದೆ, ಚಪ್ಪಾಳೆಯ ಹಿಂದೆ, ಇನ್ನೊಂದು ಸದ್ದು ಇದೆ. ಎಲ್ಲೋ ಹತ್ತಿರದಲ್ಲಿ ಲಾರಿಯೊಂದು ನಿಂತಲ್ಲೇ ಗುರುಗುಟ್ಟುತ್ತಿದೆ.

"ನಳ್ಳಿ ಉದ್ಘಾಟನೆಗೆ ಲಾರಿ ಎಂತಕ್ಕೆ ಬಂದದ್ದು?" ಎನ್ನುತ್ತಾ ಅವರು ಎದ್ದು ಚಪ್ಪಲಿ ಹುಡುಕುತ್ತಾರೆ. ಮೊದಲ ಬಸ್ಸಿಗೆ ಇನ್ನೂ ಹೊತ್ತಿದೆ. ಆದರೂ ಅವರಿಗೆ ಹೋಗುವ ದಿನ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ.

ಸುಹರಾ ಪತ್ರಕರ್ತೆ ಅಲ್ಲ. ಹುಡುಗಿಯಾಗಿದ್ದಾಗಿನಿಂದ ಬೀಡಿ ಕಟ್ಟುವವರು. ಆದರೆ ಬೆಳ್ಳಾರೆ, ಸುಳ್ಯ, ಕಡಬದ ಹಳ್ಳಿಗಳಲ್ಲಿ, ಅತ್ತ ಪುತ್ತೂರಿನ ಹೊರವಲಯದವರೆಗೂ, ಬೀಡಿ ಕಟ್ಟುವ ಹೆಂಗಸರು ಬೆಳಿಗ್ಗೆ ಮೊರ ಮಡಿಲಿಗೆಳೆದುಕೊಂಡು ಕೂತಾಗ ಮೊದಲು ಕೇಳುವುದು ಇವರ ದನಿಯನ್ನು. "ಬೆಳಗ್ಗಿನ ಮಾತು. ನಾನು ಸುಹರಾ. ಹೋಗಿ ನೋಡಿ ಬಂದು ಹೇಳುದು" ಎಂದು ಆರಂಭವಾಗುವ ಆ ವಾಟ್ಸಪ್ ಧ್ವನಿ ಸಂದೇಶ ಒಂದು ಚಾ ಕುಡಿದು ಮುಗಿಸುವಷ್ಟರಲ್ಲಿ ಮುಗಿಯುತ್ತದೆ. ಅದು ಒಂದು ಬೀಡಿ ಬ್ರಾಂಚಿನ ಗುಂಪಿನಿಂದ ಇನ್ನೊಂದಕ್ಕೆ, ಅಲ್ಲಿಂದ ಗಂಡಂದಿರ, ಮಕ್ಕಳ ಮೊಬೈಲಿಗೆ, ಕೊನೆಗೆ ಪಂಚಾಯತ್ ಕಚೇರಿಯ ಮೇಜಿನ ಮೇಲಿರುವ ಮೊಬೈಲಿಗೂ ಹೋಗಿ ಕೂರುತ್ತದೆ.

ಧ್ವನಿಯೇ ಯಾಕೆ, ವೀಡಿಯೊ ಯಾಕಲ್ಲ ಎಂದರೆ ಸುಹರಾ ನಗುತ್ತಾರೆ. "ಬೀಡಿ ಕಟ್ಟುವವಳಿಗೆ ಕೈಯೂ ಖಾಲಿ ಇಲ್ಲ, ಕಣ್ಣೂ ಖಾಲಿ ಇಲ್ಲ. ಖಾಲಿ ಇರುದು ಕಿವಿ ಒಂದೇ. ಅದಕ್ಕೇ ಹಾಕುದು ನಾನು."

ಇದು ಸುರುವಾದದ್ದು ಬ್ರಾಂಚಿನಲ್ಲಿ. ಕಟ್ಟಿದ ಬೀಡಿಯನ್ನು ಒಪ್ಪಿಸಿ ಹೊಸ ಎಲೆ, ಹೊಗೆಸೊಪ್ಪು ತೆಗೆದುಕೊಳ್ಳುವ ಜಾಗಕ್ಕೆ ಇಲ್ಲಿ ಬ್ರಾಂಚ್ ಎಂದೇ ಹೆಸರು. ಬ್ರಾಂಚ್ ನಡೆಸುವ ಹೈದರ್ ಒಂದೊಂದೇ ಕಟ್ಟು ಬಿಚ್ಚಿ ಬೆರಳಿನಿಂದ ಹಿಸುಕಿ ಪರೀಕ್ಷೆ ಮಾಡುವಾಗ ಹೆಂಗಸರು ಬೆಂಚಿನಲ್ಲಿ ಸಾಲಾಗಿ ಕಾಯಬೇಕು. ಕಾಯುವವರಲ್ಲಿ ಒಬ್ಬರು ಪೇಪರ್ ಓದುವುದು, ಉಳಿದವರು ಕೇಳುವುದು ಹಿಂದಿನಿಂದ ಬಂದ ಪದ್ಧತಿ. ಏಳನೆಯವರೆಗೆ ಕಲಿತಿದ್ದ ಸುಹರಾಗೆ ಆ ಕೆಲಸ ಬಂತು. ಒಂದು ಮಳೆಗಾಲದಲ್ಲಿ ಅವರು ಬರೆಮೇಲು ಕಾಲೊನಿಯ ರಸ್ತೆಗೆ ಡಾಮರು ಬಿದ್ದ ಸುದ್ದಿ ಓದುತ್ತಿದ್ದಾಗ, ಅದೇ ಕಾಲೊನಿಯಿಂದ ನಡೆದು ಬಂದಿದ್ದ ಸೀತು ಎಂಬವರು ಬೆಂಚಿನ ಆ ತುದಿಯಿಂದ ಕಾಲು ಎತ್ತಿ ತೋರಿಸಿದರು. ಕಣಕಾಲಿನವರೆಗೆ ಕೆಂಪು ಕೆಸರು.

"ಅಕ್ಕ, ಆ ಡಾಮರು ಇದುವಾ? ಹೈದರಾಕ, ನೀವು ಒಮ್ಮೆ ಹಿಸುಕಿ ನೋಡಿ, ಒಳ್ಳೆದುಂಟಾ ಅಂತ."

ಬ್ರಾಂಚಿಗೆ ಬ್ರಾಂಚೇ ನಕ್ಕಿತು. ಸುಹರಾ ಕೂಡ ನಕ್ಕರು. ಆದರೆ ಪೇಪರ್ ಮಡಚಿಟ್ಟ ಮೇಲೆ ಅವರಿಗೆ ನಗು ಉಳಿಯಲಿಲ್ಲ. "ಬಾಯಿ ನನ್ನದು. ಸುಳ್ಳು ಬರೆದದ್ದು ಬೇರೆ ಯಾರೋ ಇರಬಹುದು, ಆದ್ರೆ ಇಷ್ಟು ಜನಕ್ಕೆ ಕೇಳಿದ್ದು ನನ್ನ ಬಾಯಲ್ಲಿ" ಎಂದು ಈಗಲೂ ಹೇಳುತ್ತಾರೆ. ಮರುದಿನ ಸೀತುವಿನ ಜತೆ ನಡೆದು ಹೋಗಿ ರಸ್ತೆ ನೋಡಿ ಬಂದರು. ನಂತರದ ಸಲ ಬ್ರಾಂಚಿನಲ್ಲಿ ಪೇಪರ್ ಬಿಡಿಸುವ ಮೊದಲು ಅದನ್ನು ಹೇಳಿದರು. ಮಗಳು ಮುಫೀದಾ ಮೊಬೈಲಿನಲ್ಲಿ ಗುಂಪು ಮಾಡಿಕೊಟ್ಟದ್ದು ಆಮೇಲಿನ ಮಾತು.

ಅವರ ದನಿ ಏರುವುದಿಲ್ಲ. ಸಿಟ್ಟಿನ ವಿಷಯ ಹೇಳುವಾಗಂತೂ ಇನ್ನೂ ಮೆಲ್ಲಗಾಗುತ್ತದೆ. ತಾಯಿ ಅಲೀಮಮ್ಮ ಮುಸ್ಸಂಜೆಯ ನಮಾಜಿನ ನಂತರ ದೀಪದ ಮುಂದೆ ಕೂತು ಸಂತರನ್ನು ಹೊಗಳುವ ಮಾಲೆಯ ಪದ್ಯಗಳನ್ನು ರಾಗವಾಗಿ ಹೇಳುತ್ತಿದ್ದವರು. ಮಕ್ಕಳು ಸುತ್ತ ಕೂತು ಕೇಳಬೇಕಿತ್ತು, ನಡುವೆ ಕೆಮ್ಮುವ ಹಾಗಿರಲಿಲ್ಲ. "ಉಸಿರು ಮುಗಿಯುವ ಮೊದಲೇ ಸಾಲು ನಿಲ್ಲಿಸ್ಬೇಕು ಅಂತ ಉಮ್ಮ ಹೇಳ್ತಿದ್ರು. ಮುಗಿದ ಮೇಲೆ ನಿಲ್ಲಿಸಿದ್ರೆ ಕೇಳುವವರಿಗೂ ಏದುಸಿರು ಬರ್ತದೆ." ಆ ಪಾಠ ಸುಹರಾರ ಸುದ್ದಿಯಲ್ಲಿ ಹಾಗೇ ಉಳಿದಿದೆ. ಒಂದು ಸಂಗತಿ, ಒಂದು ನಿಲುಗಡೆ, ಮತ್ತೊಂದು ಸಂಗತಿ. ಆ ನಿಲುಗಡೆಯಲ್ಲಿ ಕೇಳುವವರು ತಮ್ಮಷ್ಟಕ್ಕೆ ತಾವೇ ಯೋಚಿಸಿಕೊಳ್ಳುತ್ತಾರೆ.

ಸುಲಭದ ದಾರಿಯೇನೂ ಆಗಿರಲಿಲ್ಲ. ಒಂದು ಗ್ರಾಮಸಭೆಯಲ್ಲಿ ಅವರು ಮೊಬೈಲ್ ಹಿಡಿದು ನಿಂತಾಗ ಸಿಬ್ಬಂದಿಯೊಬ್ಬರು, "ನೀವು ಯಾವ ಪತ್ರಿಕೆಯವರು? ಕಾರ್ಡ್ ಉಂಟಾ?" ಎಂದು ಎಲ್ಲರೆದುರು ಕೇಳಿದರು. ಸುಹರಾ ಪರ್ಸಿನಿಂದ ಬೀಡಿ ಕಾರ್ಮಿಕರ ಗುರುತಿನ ಚೀಟಿ ತೆಗೆದು ಕೊಟ್ಟರು. "ಉಂಟು. ಫೋಟೋ ಸ್ವಲ್ಪ ಹಳೆದು. ಆಗ ನನಗೆ ಇಷ್ಟು ಪ್ರಶ್ನೆ ಇರ್ಲಿಲ್ಲ." ಸಭೆಯಲ್ಲಿ ಹಿಂದೆ ಕೂತಿದ್ದ ಹೆಂಗಸರು ಬೆಂಚು ಬಡಿದರು. ಆ ಸಿಬ್ಬಂದಿ ಕಾರ್ಡನ್ನು ಎರಡೂ ಬದಿ ನೋಡಿ, ಹಿಂದೆ ಕೊಟ್ಟರು.

ಮನೆಯವರನ್ನೂ ಅವರು ಬಿಟ್ಟವರಲ್ಲ. ಗಂಡ ಮುಸ್ತಫಾರದ್ದು ಪೇಟೆಯಲ್ಲಿ ಮೀನಿನ ಅಂಗಡಿ. ಮೀನು ತೊಳೆದ ನೀರನ್ನು ಅಂಗಡಿಯವರೆಲ್ಲ ರಸ್ತೆಗೆ ಚೆಲ್ಲುವ ಸುದ್ದಿ ಹೇಳುವಾಗ ಸುಹರಾ, "ಅದರಲ್ಲಿ ನಮ್ಮ ಮನೆಯವರ ಅಂಗಡಿಯೂ ಉಂಟು" ಎಂದು ಸೇರಿಸಿದರು. ಮುಸ್ತಫಾ ಈಗ ಅದನ್ನು ಗಿರಾಕಿಗಳಿಗೆ ತಾವೇ ಹೇಳಿ ನಗುತ್ತಾರೆ. "ಎಂತ ಮಾಡುದು ಮಾರಾಯ್ರೆ, ಬೆಳಿಗ್ಗೆ ಅವಳೇ ಚಾ ಕೊಟ್ಟು ಕಳಿಸಿದ್ದು. ಅಂಗಡಿಗೆ ಬಂದು ಮೊಬೈಲ್ ಒತ್ತಿದ್ರೆ ನನ್ನದೇ ಸುದ್ದಿ. ಎರಡು ದಿವಸ ಮಾತಾಡ್ಲಿಲ್ಲ ನಾನು. ಮತ್ತೆ ಹಿಂದೆ ಒಂದು ಗುಂಡಿ ತೋಡಿದೆ."

ಬರೆಮೇಲು ಇರುವುದು ಕಡಬ ತಾಲೂಕಿನ ಅಂಚಿನಲ್ಲಿ. ತಾಲೂಕು ಹೊಸದಾಗುವ ಮೊದಲು ಅದು ಸುಳ್ಯಕ್ಕೆ ಸೇರಿತ್ತು. ಬಸ್ಸಿಳಿದು ಗುಡ್ಡದ ಅಡ್ಡ ದಾರಿಯಲ್ಲಿ ನಡೆದರೆ ಮೇಲೆ ಹೊಸ ಟ್ಯಾಂಕು ಕಾಣುತ್ತದೆ, ಅದರ ಕೆಳಗೆ ಇಳಿಜಾರಿನಲ್ಲಿ ಮನೆಗಳು. ಸುಹರಾ ಟ್ಯಾಂಕಿನ ಕಡೆ ಹೋಗುವುದಿಲ್ಲ. ನೇರವಾಗಿ ದಾರಿಯ ಆ ಕೊನೆಗೆ, ಸಣ್ಣ ದಿಣ್ಣೆಯ ಮೇಲಿರುವ ಸೀತುವಿನ ಮನೆಗೆ ಹೋಗುತ್ತಾರೆ. "ನೀರಿನ ಸುದ್ದಿಯನ್ನು ಕೊನೆಯ ಮನೆಯಿಂದಲೇ ಸುರು ಮಾಡ್ಬೇಕು. ಕ್ಯಾಮೆರಾದವರು ಮೊದಲನೇ ಮನೆಯಿಂದ ಸುರು ಮಾಡ್ತಾರೆ, ಅಲ್ಲೇ ಮುಗಿಸ್ತಾರೆ."

ಸೀತು ಅಂಗಳದಲ್ಲಿ ಕೊಡ ಹಿಡಿದು ಹೊರಟಿದ್ದಾರೆ. ಅವರ ನೀರು ಬರುವುದು ಕೆಳಗೆ ಹರಿಯುವ ತೋಡಿನ ಬದಿಯ ಗುಂಡಿಯಿಂದ. ಬೇಸಗೆಯಲ್ಲಿ ಆ ಗುಂಡಿ ತುಂಬಲು ಕಾಯಬೇಕು, ತುಂಬಿದ್ದನ್ನು ತಲೆಯ ಮೇಲಿಟ್ಟು ದಿಣ್ಣೆ ಹತ್ತಬೇಕು. ಬೀಡಿ ಕಟ್ಟುವ ಹೊತ್ತು ಅಲ್ಲಿಗೇ ಹೋಗುತ್ತದೆ. ಸುಹರಾ ಮೊಬೈಲ್ ಒತ್ತಿ, "ಬರೆಮೇಲಿನ ಕೊನೆಯ ಮನೆಯಲ್ಲಿ ನಿಂತಿದ್ದೇನೆ, ಈಗ ನಳ್ಳಿ ತಿರುಗಿಸ್ತೇನೆ, ಕೇಳಿ" ಎನ್ನುತ್ತಾರೆ. ಹೊಸ ನಳ್ಳಿ ಕಿರ್ರೆಂದು ತಿರುಗುತ್ತದೆ. ಒಳಗಿನಿಂದ ಒಂದು ಸಣ್ಣ ನಿಟ್ಟುಸಿರಿನಂತಹ ಗಾಳಿ. ಆಮೇಲೆ ಏನೂ ಇಲ್ಲ. ದೂರದಲ್ಲಿ ಕೋಳಿ ಕೂಗಿದ್ದು ಮಾತ್ರ ಕೇಳುತ್ತದೆ.

"ಗಾಳಿಗೂ ಬಿಲ್ ಬರ್ತದಾ ಅಕ್ಕ?" ಸೀತು ಕೇಳುತ್ತಾರೆ. ಅದೂ ರೆಕಾರ್ಡಿನಲ್ಲಿ ಉಳಿಯುತ್ತದೆ.

ಮನೆಯಿಂದ ಮನೆಗೆ ಸುಹರಾ ಮೇಲೆ ಟ್ಯಾಂಕಿನ ಕಡೆಗೆ ಹತ್ತುತ್ತಾರೆ. ಪ್ರತಿ ಅಂಗಳದಲ್ಲೂ ಅದೇ ಕಿರ್ರ್, ಅದೇ ನಿಟ್ಟುಸಿರು. ಟ್ಯಾಂಕಿನ ಹತ್ತಿರದ ಮನೆಯ ಅಜ್ಜ, ಉದ್ಘಾಟನೆಯ ದಿನ ಲಾರಿಯಲ್ಲಿ ನೀರು ತಂದು ಟ್ಯಾಂಕಿಗೆ ತುಂಬಿಸಿದ್ದನ್ನು ಕಂಡದ್ದಾಗಿ ಹೇಳುತ್ತಾರೆ. "ಬೋರಿನಿಂದ ಟ್ಯಾಂಕಿಗೆ ಪೈಪೇ ಜೋಡಿಸಿಲ್ಲ" ಎಂದೂ ಸೇರಿಸುತ್ತಾರೆ. ಬಸ್ಸಿನ ಹೊತ್ತಾಗಿರುತ್ತದೆ. ಸುಹರಾ ಟ್ಯಾಂಕಿನ ಹಿಂಬದಿಗೆ ಹೋಗಿ ನೋಡದೆ ಇಳಿಯುತ್ತಾರೆ.

ಮರುದಿನದ ಬೆಳಗ್ಗಿನ ಮಾತು ಮೂರು ತಾಲೂಕಿನ ಕಿವಿಗೂ ಬಿತ್ತು. ಚಾನೆಲಿನ ಆ ಹಾರದ ವೀಡಿಯೊದ ಕೆಳಗೆ ಜನ ನಳ್ಳಿಯ ಆ ನಿಟ್ಟುಸಿರನ್ನೇ ತಂದು ತಂದು ಅಂಟಿಸಿದರು. ಮಧ್ಯಾಹ್ನಕ್ಕೆ ಅಲ್ಲಿನ ಪಂಚಾಯತ್ ಅಧ್ಯಕ್ಷೆ ಭವಿತಾ ಫೋನ್ ಮಾಡಿದರು. ಅವರು ಗದರಿಸಲಿಲ್ಲ. "ಲಾರಿಯ ವಿಷಯ ಹೌದು ಸುಹರಾಕ್ಕ. ಅವತ್ತು ಕರೆಂಟ್ ಬರ್ಲಿಕ್ಕಿತ್ತು, ಬರ್ಲಿಲ್ಲ. ಕರೆದವರ ಎದುರು ಮರ್ಯಾದೆ ಹೋಗ್ತದೆ ಅಂತ ಹಾಗೆ ಮಾಡಿದ್ದು. ಆದ್ರೆ ಪೈಪ್ ಜೋಡಿಸಿಲ್ಲ ಅಂತ ಹೇಳಿದ್ದು ಸುಳ್ಳು. ಬನ್ನಿ, ತೋರಿಸ್ತೇನೆ."

ಸುಹರಾ ಆ ದಿನದ ಬೀಡಿಯನ್ನು ಅರ್ಧಕ್ಕೆ ಬಿಟ್ಟು ಹೋದರು. ಟ್ಯಾಂಕಿನ ಹಿಂಬದಿ ಪೈಪು ಇತ್ತು. ಕೈಯಲ್ಲಿ ಮುಟ್ಟಿ, ಬೋರಿನವರೆಗೆ ಅದರ ಜತೆಗೇ ನಡೆದು, ಜೋಡಿಸಿದ್ದನ್ನು ನೋಡಿದರು.

ಅವರಲ್ಲಿ ಒಂದು ಕಟ್ಟುಪಾಡು ಇದೆ. ತಪ್ಪಾದರೆ ಮರುದಿನ ಅದೇ ಮೊದಲ ಮಾತು. ಕೊನೆಯಲ್ಲಿ ಸಣ್ಣ ದನಿಯಲ್ಲಿ ಅಲ್ಲ, ಬೇರೆ ಸುದ್ದಿಯ ನಡುವೆ ಅಡಗಿಸಿ ಅಲ್ಲ. ಬೀಡಿ ಬ್ರಾಂಚಿನಲ್ಲಿ ಸರಿಯಿಲ್ಲದ ಬೀಡಿಯನ್ನು ಹೈದರ್ ಎಲ್ಲರ ಎದುರೇ ಬದಿಗಿಡುವ ಹಾಗೆ. ಬೇಡವೆಂದವರು ಹಲವರು. ಹೈದರ್ ಕೂಡ, "ಈಗ ನೀವು ತಪ್ಪು ಒಪ್ಪಿಕೊಂಡ್ರೆ ಆ ಚಾನೆಲಿನವ ತಲೆ ಮೇಲೆ ಕೂರ್ತಾನೆ" ಎಂದರು. ಸುಹರಾ ಅವರ ಮುಖ ನೋಡಿ, "ನಿಮ್ಮ ಕೈಗೆ ಸಿಕ್ಕಿದ ಕೆಟ್ಟ ಬೀಡಿಯನ್ನು ನೀವು ಕಟ್ಟಿನ ಒಳಗೆ ತುರುಕಿಸ್ತೀರಾ?" ಎಂದು ಕೇಳಿ, ಮಾತು ಅಲ್ಲಿಗೇ ಮುಗಿಸಿದರು.

"ಬೆಳಗ್ಗಿನ ಮಾತು. ನಾನು ಸುಹರಾ. ಪೈಪ್ ಜೋಡಿಸಿಲ್ಲ ಅಂತ ನಾನು ಹೇಳಿದ್ದು ತಪ್ಪು. ನಾನು ನೋಡ್ಲಿಲ್ಲ, ಬೇರೆಯವರು ಹೇಳಿದ್ದನ್ನು ಹೇಳಿದೆ. ನಿನ್ನೆ ಹೋಗಿ ನೋಡಿದೆ. ಪೈಪ್ ಉಂಟು. ನೀರು ಇಲ್ಲ."

ಹೈದರ್ ಹೇಳಿದ ಹಾಗೆಯೇ ಆಯಿತು. ಚಾನೆಲ್ ನಡೆಸುವ ಸೂರಜ್ ಆ ಸಂಜೆಯ ವೀಡಿಯೊದಲ್ಲಿ, ಬೀಡಿ ಸುದ್ದಿಯ ಬೆಂಕಿ ಒಂದೇ ದಿನಕ್ಕೆ ಆರಿತು ಎಂದು ನಗೆಯಾಡಿದರು. ಅವರು ತೋರಿಸಿದ ತುಣುಕಿನಲ್ಲಿ ಸುಹರಾರ ಕೊನೆಯ ಎರಡು ಪದ ಇರಲಿಲ್ಲ. ಸುಹರಾ ಅದಕ್ಕೆ ಉತ್ತರ ಕೊಡಲಿಲ್ಲ. ಅವರ ಬದಲು ಬ್ರಾಂಚಿನ ಹೆಂಗಸರು ಪೂರ್ತಿ ಸಂದೇಶವನ್ನು ಸೂರಜರಿಗೇ ಕಳಿಸಿದರು. ಎಷ್ಟು ಜನ ಕಳಿಸಿದರೆಂದರೆ, ಸೂರಜ್ ಕೊನೆಗೆ ತಮ್ಮ ನಂಬರನ್ನೇ ಸ್ವಲ್ಪ ದಿನ ಬಂದ್ ಮಾಡಿಟ್ಟರು ಎಂದು ಮುಫೀದಾ ಹೇಳುತ್ತಾಳೆ.

ಆದರೆ ತಪ್ಪು ಒಪ್ಪಿಕೊಂಡದ್ದರಿಂದ ಯಾರೂ ಎಣಿಸದ ಬಾಗಿಲೊಂದು ತೆರೆಯಿತು. ಭವಿತಾ ಮತ್ತೆ ಫೋನ್ ಮಾಡಿದರು. ಈ ಸಲ ದನಿಯಲ್ಲಿ ಬಿಗುವಿರಲಿಲ್ಲ. ಪಂಪಿನ ಕರೆಂಟಿಗೆ ಅರ್ಜಿ ಕೊಟ್ಟು ತಿಂಗಳುಗಳೇ ಆದವು, ಎಲ್ಲಿ ಸಿಕ್ಕಿಕೊಂಡಿದೆಯೋ ಗೊತ್ತಿಲ್ಲ ಎಂದರು. ಸುಹರಾ ಕೇಳಿದ್ದು ಒಂದೇ ಪ್ರಶ್ನೆ. "ಅರ್ಜಿ ಕೊಟ್ಟದ್ದು ಎಲ್ಲಿಗೆ ಮಾರಾಯ್ತಿ?"

ಕೊಟ್ಟದ್ದು ಹಳೆಯ ತಾಲೂಕಿಗೆ. ತಾಲೂಕು ಬೇರೆಯಾಗಿ ವರ್ಷಗಳಾದರೂ ಈ ಭಾಗದ ಜನರ ಕಾಲು ಬಸ್ ಸ್ಟ್ಯಾಂಡಿನಲ್ಲಿ ತಾನಾಗಿ ಸುಳ್ಯದ ಬಸ್ಸಿನ ಕಡೆಗೇ ತಿರುಗುತ್ತದೆ. ಪಂಚಾಯತ್ ಸಿಬ್ಬಂದಿಯ ಕಾಲೂ ಹಾಗೇ ತಿರುಗಿತ್ತು. ಅಲ್ಲಿ ತೆಗೆದುಕೊಂಡವರು ಇದು ನಮ್ಮದಲ್ಲ ಎಂದು ಹೇಳುವ ಗೋಜಿಗೂ ಹೋಗದೆ ಇಟ್ಟುಕೊಂಡಿದ್ದರು. ಸುಹರಾ ಮತ್ತು ಭವಿತಾ ಇಬ್ಬರೂ ಒಂದೇ ಬಸ್ಸಿನಲ್ಲಿ ಕಡಬಕ್ಕೆ ಹೋಗಿ ಹೊಸ ಅರ್ಜಿ ಕೊಟ್ಟರು. ದಾರಿಯಲ್ಲಿ ಭವಿತಾ, "ಇದನ್ನೂ ಹೇಳ್ತೀರಾ ನಾಳೆ?" ಎಂದು ಕೇಳಿದರಂತೆ. "ಹೇಳುದೇ. ನೀವು ಬಂದದ್ದನ್ನೂ ಹೇಳುದು" ಎಂದರಂತೆ ಸುಹರಾ. ಕರೆಂಟ್ ಬಂತು. ಪಂಪು ಗುಂಯ್ಗುಟ್ಟಿತು. ಟ್ಯಾಂಕಿನ ಕೆಳಗಿನ ಮನೆಗಳ ನಳ್ಳಿಯಲ್ಲಿ ನೀರು ಬಂದ ಸದ್ದನ್ನು ಸುಹರಾ ಪ್ರತಿ ಅಂಗಳದಲ್ಲಿ ನಿಂತು ಕೇಳಿಸಿದರು. ಆ ದಿನದ ಬೆಳಗ್ಗಿನ ಮಾತಿನಲ್ಲಿ ಮಾತು ಕಡಿಮೆ, ನೀರೇ ಹೆಚ್ಚು.

ಆದರೆ ದಿಣ್ಣೆಯ ಮೇಲಿನ ಸೀತುವಿನ ಮನೆಗೆ ನೀರು ಹತ್ತಲಿಲ್ಲ. ಅಲ್ಲಿಗೆ ಒತ್ತಡ ಸಿಗಬೇಕಾದರೆ ನಡುವೆ ಒಂದು ವಾಲ್ವ್ ಕೂರಿಸಬೇಕು. ಸುಹರಾ ಅದನ್ನೂ ಹೇಳಿದರು. ಒಂದು ಮನೆ ಬಾಕಿ ಉಂಟು ಎಂದು ಬೆಳಗ್ಗಿನ ಮಾತಿನ ಕೊನೆಗೆ ದಿನಾ ಹೇಳುತ್ತಾ ಬಂದರು.

ಮುಂದೆ ಏನು ಆಸೆ ಎಂದು ಕೇಳಿದರೆ ಸುಹರಾ ದೊಡ್ಡದೇನೂ ಹೇಳುವುದಿಲ್ಲ. ಪುತ್ತೂರಿನಲ್ಲಿ ಹೆಂಗಸರಿಗೆ ಯಾರಾದರೂ ಕಾನೂನು ಸರಿಯಾಗಿ ಹೇಳಿಕೊಡುವುದಿದ್ದರೆ ಒಮ್ಮೆ ಹೋಗಿ ಕೂತು ಕೇಳಬೇಕು, ಮಾಹಿತಿ ಕೇಳುವ ಅರ್ಜಿಯನ್ನು ಮಗಳ ಸಹಾಯವಿಲ್ಲದೆ ಬರೆಯಲು ಬರಬೇಕು, ಅಷ್ಟೇ. "ಮತ್ತೆ ಪ್ರತಿ ಬ್ರಾಂಚಿನಲ್ಲಿ ಒಬ್ಬೊಬ್ಬರು ಸುರು ಮಾಡ್ಬೇಕು. ನನಗೆ ಎಲ್ಲ ಕಡೆ ಹೋಗ್ಲಿಕ್ಕೆ ಮಂಡಿ ಬಿಡುದಿಲ್ಲ." ಹೇಳುತ್ತಾ ಅವರ ಬೆರಳು ಎಲೆ ಸುತ್ತುತ್ತಲೇ ಇರುತ್ತದೆ.

ಬರೆಮೇಲಿನವರ ಗ್ರಾಮಸಭೆಗೆ ಒಂದು ದಿನ ಉಳಿದಿರುವಾಗ, ಬೆಳಿಗ್ಗೆಯೇ ಸೀತು ಸುಹರಾರ ಮನೆಗೆ ಬರುತ್ತಾರೆ. ಬೀಡಿಯ ಚೀಲ ಕೈಯಲ್ಲಿಲ್ಲ. ಸುಹರಾ ಚಾ ಕೊಡುತ್ತಾರೆ. ಸೀತು ಲೋಟ ಹಿಡಿದು ಜಗಲಿಯಲ್ಲಿ ಕೂರುತ್ತಾರೆ.

"ಅಕ್ಕ, ನಿನ್ನೆ ನೀರಿನ ಕೆಲಸ ವಹಿಸಿಕೊಂಡ ಕಂಟ್ರಾಕ್ಟಿನ ಜನ ಬಂದಿದ್ರು. ನಾಳೆ ಸಭೆಗೆ ದೊಡ್ಡವರು ಬರ್ತಾರಂತೆ. ಬರೆಮೇಲಿಗೆ ಪೂರ್ತಿ ನೀರು ಬಂತು ಅಂತ ನೀವು ಇವತ್ತು ಒಂದು ಮಾತು ಹೇಳಿದ್ರೆ, ನಾಡಿದ್ದೇ ವಾಲ್ವ್ ಹಾಕಿ ಕೊಡ್ತಾರಂತೆ. ಇಲ್ಲದಿದ್ರೆ ಮಳೆ ಕಳಿಬೇಕು ಅಂತಾರೆ."

"ಅವರೇ ಬಂದು ನನ್ನ ಹತ್ರ ಹೇಳ್ಲಿಕ್ಕೆ ಎಂತ ಕಷ್ಟ?"

"ಚಾನೆಲಿನವರು ಹೇಳಿದ್ರೆ ನಮ್ಮಲ್ಲಿ ಯಾರೂ ನಂಬುದಿಲ್ಲ ಅಂತ ಅವರಿಗೂ ಗೊತ್ತುಂಟು. ನೀವು ಹೇಳಿದ್ರೆ ನಂಬ್ತಾರೆ. ನಾನು ಕೇಳಿದ್ರೆ ನೀವು ಇಲ್ಲ ಹೇಳ್ಲಿಕ್ಕಿಲ್ಲ ಅಂತ ನನ್ನನ್ನು ಕಳಿಸಿದ್ದು."

ಸುಹರಾ ಸುತ್ತುತ್ತಿದ್ದ ಬೀಡಿಗೆ ನೂಲು ಸುತ್ತಿ, ತುದಿ ಮಡಚಿ, ಮೊರದಲ್ಲಿಡುತ್ತಾರೆ. ಸೀತುವಿನ ನೆತ್ತಿಯಲ್ಲಿ ಕೊಡದಡಿಗೆ ಸಿಂಬಿ ಇಟ್ಟು ಇಟ್ಟು ಕೂದಲು ತೆಳುವಾದ ಜಾಗವನ್ನು ನೋಡುತ್ತಾರೆ. ಕೆಳಗಿನ ಗುಂಡಿಯಿಂದ ದಿಣ್ಣೆಯವರೆಗಿನ ದಾರಿಯನ್ನು ಅವರೂ ಕೊಡ ಹೊತ್ತು ಒಮ್ಮೆ ಹತ್ತಿದ್ದಾರೆ.

"ನೀನು ಎಂತ ಹೇಳ್ತಿ ಸೀತು? ಅವರದ್ದಲ್ಲ, ನಿನ್ನ ಮಾತು."

"ನನಗೆ ಸಾಕಾಗಿದೆ ಅಕ್ಕ." ಸೀತು ಲೋಟವನ್ನು ಕೆಳಗಿಡುತ್ತಾರೆ. "ದೊಡ್ಡ ಸುಳ್ಳೂ ಅಲ್ಲ. ಹೇಗೂ ಬರ್ತದಲ್ಲ ನೀರು. ಬರುದನ್ನು ಎರಡು ದಿವಸ ಮೊದಲು ಹೇಳುದಷ್ಟೇ. ನನಗೋಸ್ಕರ ಒಂದು ಸಲ ಹೇಳಿ."

ಸುಹರಾ ಮೊರವನ್ನು ಬದಿಗೆ ಸರಿಸಿ, ಸೀತುವಿನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಳ್ಳುತ್ತಾರೆ. ಇಬ್ಬರ ಬೆರಳಿಗೂ ಒಂದೇ ಹೊಗೆಸೊಪ್ಪಿನ ವಾಸನೆ.

"ನಾಳೆ ಸಭೆಯಲ್ಲಿ ನಿನ್ನ ಪಕ್ಕ ನಿಲ್ತೇನೆ. ವಾಲ್ವ್ ಕೂರುವವರೆಗೆ ಅವರ ಬಾಗಿಲಿಗೆ ದಿನಾ ಹೋಗ್ತೇನೆ. ಆದ್ರೆ ಇದು ಇಲ್ಲ, ಸೀತು. ನಾನು ಹೇಳುದಿಲ್ಲ."